ಹಿತ್ತಲ ಕೋಳಿಗಳ ಸಂಕರವೂ ಮರಿಗಳಲ್ಲಿ ತಾಯಿತಂದೆಗಳ ಗುಣ ತೋರುವ ಬಗೆಯೂ

ಉತ್ತರ ಕನ್ನಡ ಜಿಲ್ಲೆಯ ಜೋಯಿಡಾ ತಾಲೂಕಿನ ಅಣಶಿಯು ಕದ್ರಾದಿಂದ ಘಟ್ಟವನ್ನೇರಿ ಜೋಯಿಡಾದ ಕಡೆಗೆ ಸಾಗುವ ದಾರಿಯಲ್ಲಿರುವ ಅಡವಿಯ ಊರು. ಇಂಥ ಊರುಗಳಲ್ಲಿ ಮನೆಗಳು ಒತ್ತಾಗಿರದೆ ಗದ್ದೆಯ ಅಂಚಿನಲ್ಲಿಯೂ ತೋಟದ ಮಗ್ಗುಲಲ್ಲಿಯೂ ಚದುರಿಕೊಂಡಿರುವುವು. ಹಿತ್ತಲಲ್ಲಿ ಸಾಕಿದ ನಾಲ್ಕಾರು ಕೋಳಿಗಳು ಒಕ್ಕಲು ಮನೆತನಕ್ಕೆ ಸಣ್ಣ ಆಸ್ತಿಯೇ ಸರಿ. ಬಿದ್ದ ಕಾಳು, ಹುಳು, ಗೆದ್ದಲು, ಅಕ್ಕಿನುಚ್ಚು ಇವುಗಳಿಂದಲೇ ಅವುಗಳ ಹೊಟ್ಟೆ ತುಂಬುವುದು; ಹಣ ಕೊಟ್ಟು ತರುವ ಆಹಾರವು ಅತ್ಯಲ್ಪ. ಮನೆಗೆ ನೆಂಟರು ಬಂದಾಗಲೂ, ಔಷಧಕ್ಕೋ ಮಕ್ಕಳ ಪುಸ್ತಕಕ್ಕೋ ಹಣ ಬೇಕಾದಾಗಲೂ ಮೊದಲು ಒದಗುವುದು ಈ ಆಸ್ತಿಯೇ. ಆದುದರಿಂದ ಕೋಳಿಯ ತಳಿಯನ್ನು ಸುಧಾರಿಸುವ ಮಾತು ಊರಿನ ಮುಖ್ಯಸ್ಥರೂ ಜಮೀನುದಾರರೂ ಅಲಕ್ಷಿಸತಕ್ಕ ಮಾತಲ್ಲ.

ಸುಧಾರಣೆಯ ಹೆಸರಿನಲ್ಲಿ ಅನೇಕ ಕಡೆ ನಡೆಯುವ ಕ್ರಮವು ಹೀಗಿರುವುದು. ಒಬ್ಬರು ಪೇಟೆಯಿಂದ ಸುಧಾರಿತ ತಳಿಯ ಒಂದು ಹುಂಜವನ್ನು ತಂದು ನಾಟಿ ಹೇಂಟೆಗಳೊಡನೆ ಬಿಡುವರು. ಮೊದಲ ಸಂಕರದ ಮರಿಗಳು ಬೇಗನೆ ಬೆಳೆದು ತೂಕದಲ್ಲಿ ತಾಯಿಯನ್ನು ಮೀರಿಸುವುವು. ಇದನ್ನು ಕಂಡು ಹಿಗ್ಗಿದ ಸಾಕಣೆದಾರರು ಆ ಮರಿಗಳಲ್ಲಿಯೇ ಚೆಲುವಾದ ಒಂದು ಹುಂಜವನ್ನು ಬೀಜಕ್ಕೆಂದು ಉಳಿಸಿಕೊಂಡು, ಹಳೆಯ ನಾಟಿ ಹೇಂಟೆಗಳನ್ನು ಮಾರಿಬಿಡುವರು. ಎರಡನೆಯ ತಲೆಮಾರಿನಲ್ಲಿ ಒಂದು ಮರಿ ದೊಡ್ಡದು, ಒಂದು ಸಣ್ಣದು. ಒಂದು ಬಿಳಿ, ಒಂದು ಕೆಂಪು. ತತ್ತಿಯ ಲೆಕ್ಕವೂ ಹೆಚ್ಚುವುದಿಲ್ಲ. ಕಾವಿಗೆ ಕೂರುವ ಹೇಂಟೆಗಳಿಗೇ ಬರ ಬರುವುದು. ಆಗ ತಳಿಯು ಕೆಟ್ಟದೆಂದೋ ಕಾಲವು ಕೆಟ್ಟದೆಂದೋ ಹೇಳುವರು. ವಾಸ್ತವದಲ್ಲಿ ಕೆಟ್ಟುದು ಎರಡೂ ಅಲ್ಲ. ಮರಿಯ ಮೈಮೇಲೆ ಕಾಣುವ ಗುಣ ಬೇರೆ, ಅದು ತನ್ನ ಸಂತಾನಕ್ಕೆ ದಾಟಿಸುವ ಗುಣ ಬೇರೆ ಎಂಬುದನ್ನು ಅರಿಯದಿರುವುದೇ ಈ ನಷ್ಟಕ್ಕೆ ಕಾರಣ.

ಗುಣಗಳು ಇಳಿದುಬರುವ ಕ್ರಮ

ಪ್ರತಿಯೊಂದು ಮರಿಯೂ ಪ್ರತಿಯೊಂದು ಗುಣಕ್ಕೆ ಸಾಮಾನ್ಯವಾಗಿ ಎರಡು ಪಾಲುಗಳನ್ನು ಪಡೆಯುವುದು; ಒಂದು ತಂದೆಯಿಂದ, ಇನ್ನೊಂದು ತಾಯಿಯಿಂದ. ಈ ಪಾಲುಗಳಿಗೆ ವಂಶವಾಹಿಗಳೆಂದು ಹೆಸರು. ಎರಡು ಪಾಲುಗಳು ಬೇರೆ ಬೇರೆಯಾಗಿದ್ದಾಗ ಒಂದು ಮೇಲೆ ತೋರಿ ಮತ್ತೊಂದು ಅಡಗಿಕೊಳ್ಳುವುದುಂಟು. ಮೇಲೆ ತೋರುವುದು ಪ್ರಬಲ ಗುಣ. ಅಡಗುವುದು ಗುಪ್ತ ಗುಣ. ಅಡಗಿದ ಗುಣವು ನಾಶವಾಗುವುದಿಲ್ಲ. ಹೂಳಿಟ್ಟ ಹಣದಂತೆ ಇದ್ದಲ್ಲಿಯೇ ಇದ್ದು, ತಕ್ಕ ಜೊತೆ ಸಿಕ್ಕಾಗ ಮೊಮ್ಮಕ್ಕಳಲ್ಲಿ ಹೊರಬೀಳುವುದು. ಗ್ರೆಗರ್ ಮೆಂಡೆಲ್ ಎಂಬ ಪಾದ್ರಿಯು ಬಟಾಣಿ ಗಿಡಗಳಲ್ಲಿ ಕಂಡುಹಿಡಿದು 1866ರಲ್ಲಿ ಪ್ರಕಟಿಸಿದ ಈ ನಿಯಮವು ಪ್ರಾಣಿಗಳಿಗೂ ಸಲ್ಲುವುದೆಂದು ಇಂಗ್ಲೆಂಡಿನ ವಿಲಿಯಂ ಬೇಟ್ಸನ್ ಎಂಬ ವಿದ್ವಾಂಸನು 1902ರಲ್ಲಿ ತೋರಿಸಿಕೊಟ್ಟನು. ಆತನು ಪರೀಕ್ಷೆಗೆ ಆರಿಸಿಕೊಂಡ ಪ್ರಾಣಿಯು ಕೋಳಿಯೇ ಎಂಬುದು ಗಮನಾರ್ಹವಾಗಿದೆ.

ಕೋಳಿಯ ತಲೆಯ ಮೇಲಣ ಕೆಂಪು ಜುಟ್ಟು ಇದಕ್ಕೆ ಒಳ್ಳೆಯ ನಿದರ್ಶನ. ಗರಗಸದ ಹಲ್ಲುಗಳಂತೆ ಒಂದೇ ಸಾಲಾಗಿ ನಿಂತಿರುವುದು ಒಂಟಿ ಜುಟ್ಟು. ಅಸೀಲ್ ಎಂಬ ಕಾಳಗದ ಕೋಳಿಗಿರುವಂತೆ ತಗ್ಗಾಗಿ ಮೂರು ಸಾಲು ಗಂಟುಗಳಿರುವುದು ಬಟಾಣಿ ಜುಟ್ಟು. ಶುದ್ಧ ಬಟಾಣಿ ಜುಟ್ಟಿನ ಹುಂಜವನ್ನು ಒಂಟಿ ಜುಟ್ಟಿನ ಹೇಂಟೆಗಳಿಗೆ ಕೂಡಿಸಿದರೆ ಮರಿಗಳೆಲ್ಲವೂ ಬಟಾಣಿ ಜುಟ್ಟಿನವೇ ಆಗುವುವು. ನೋಡುವವರು ಒಂಟಿ ಜುಟ್ಟು ಅಳಿದುಹೋಯಿತೆಂದು ತಿಳಿಯುವರು. ಆದರೆ ಈ ಮರಿಗಳು ಬೆಳೆದು ತಮ್ಮತಮ್ಮಲ್ಲಿಯೇ ಕೂಡಿದಾಗ, ಹುಟ್ಟುವ 16 ಮರಿಗಳಲ್ಲಿ ಸರಾಸರಿ 12 ಬಟಾಣಿ ಜುಟ್ಟಿನವೂ 4 ಒಂಟಿ ಜುಟ್ಟಿನವೂ ಆಗಿರುವುವು. ಆ 12ರಲ್ಲಿಯೂ ಶುದ್ಧವಾದವು 4 ಮಾತ್ರ. ಉಳಿದ 8 ಒಂಟಿ ಜುಟ್ಟನ್ನು ಒಳಗೆ ಹೊತ್ತುಕೊಂಡಿರುವುವು. ಹೊರಗಿನ ನೋಟದಿಂದ ಈ ಎರಡನ್ನು ಬೇರ್ಪಡಿಸುವುದು ಸುಲಭವಲ್ಲ. ಒಂದೇ ಕಾವಿನ ಹತ್ತು ಮರಿಗಳಲ್ಲಿ ಈ ಪ್ರಮಾಣವು ತಪ್ಪುವುದುಂಟು. ಹೆಚ್ಚು ಕಾವುಗಳ ಲೆಕ್ಕವಿಟ್ಟಂತೆ ಅದು ಸರಿಗೂಡುತ್ತ ಬರುವುದು.

ಹಳದಿ ಕಾಲೂ ಅಣಶಿಯ ಕಾಡುಕೋಳಿಯೂ

ಬಿಳಿ ಚರ್ಮದ ಹುಂಜಕ್ಕೂ ಬಿಳಿ ಚರ್ಮದ ಹೇಂಟೆಗೂ ಹಳದಿ ಕಾಲಿನ ಮರಿ ಹುಟ್ಟಿದಾಗ ನೆರೆಮನೆಯ ಹುಂಜದ ಮೇಲೆ ಸಂಶಯಪಡುವುದುಂಟು. ಹಾಗೆ ಸಂಶಯಪಡಬೇಕಾದುದಿಲ್ಲ. ಬಿಳಿ ಚರ್ಮವು ಪ್ರಬಲ, ಹಳದಿ ಚರ್ಮವು ಗುಪ್ತ. ತಾಯಿತಂದೆಗಳಿಬ್ಬರೂ ಹಳದಿಯನ್ನು ಒಳಗೆ ಹೊತ್ತಿದ್ದರೆ ನಾಲ್ಕರಲ್ಲೊಂದು ಮರಿಗೆ ಹಳದಿ ಕಾಲು ಬರುವುದು ಸಹಜ. ಹಳದಿ ಕಾಲಿನ ಎರಡು ಕೋಳಿಗಳನ್ನು ಕೂಡಿಸಿದರೆ ಮಾತ್ರ ಬಿಳಿ ಚರ್ಮದ ಮರಿ ಹುಟ್ಟದು. ಗುಪ್ತ ಗುಣವು ಮೈಮೇಲೆ ತೋರಿತೆಂದರೆ ಅದು ಆ ಗುಣದಲ್ಲಿ ಶುದ್ಧವೆಂದೇ ಅರ್ಥ.

ಈ ಹಳದಿ ಬಣ್ಣದ ಮೂಲವು ಅಣಶಿಯವರಿಗೆ ವಿಶೇಷವಾಗಿ ಸ್ವಾರಸ್ಯಕರವಾದುದು. ಜಗತ್ತಿನ ಸಾಕು ಕೋಳಿಗಳ ಮುಖ್ಯ ಪೂರ್ವಜವು ಕೆಂಪು ಕಾಡುಕೋಳಿ. ಅದರ ಚರ್ಮವು ಹಳದಿಯಲ್ಲ. ಹಳದಿ ಚರ್ಮದ ವಂಶವಾಹಿಯು ಬೂದು ಕಾಡುಕೋಳಿಯಿಂದ ಸಾಕು ಕೋಳಿಗೆ ಬಂದುದೆಂದು 2008ರಲ್ಲಿ ಪ್ರಕಟವಾದ ಸಂಶೋಧನೆಯಿಂದ ತಿಳಿದುಬಂದಿದೆ. ಆ ಬೂದು ಕಾಡುಕೋಳಿಯೇ ಸಹ್ಯಾದ್ರಿಯ ಈ ಅಡವಿಗಳಲ್ಲಿ ಬೆಳಗಿನ ಜಾವ ಕೂಗುವ ಕಾಡುಕೋಳಿ. ಹಾಗೆಂದು ಅದರ ತತ್ತಿಗಳನ್ನು ತಂದು ಮನೆಯ ಹೇಂಟೆಯ ಕೆಳಗಿಡುವುದು ಸರ್ವಥಾ ಕೂಡದು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯು ಈ ಪಕ್ಷಿಗೆ ರಕ್ಷಣೆ ಕೊಟ್ಟಿದೆ. ಇಲ್ಲಿಯ ಅಡವಿಯು 1987ರಲ್ಲಿ ರಾಷ್ಟ್ರೀಯ ಉದ್ಯಾನವೆಂದು ಘೋಷಿತವಾಗಿ, 2007ರಲ್ಲಿ ಹುಲಿ ಸಂರಕ್ಷಿತ ಪ್ರದೇಶಕ್ಕೆ ಸೇರಿ, 2015ರಿಂದ ಆ ಪ್ರದೇಶವು ಕಾಳಿಯ ಹೆಸರನ್ನು ಹೊತ್ತಿದೆ. ಅಲ್ಲದೆ ಬೂದು ಕಾಡುಕೋಳಿಗೂ ಸಾಕು ಕೋಳಿಗೂ ಹುಟ್ಟಿದ ಮರಿಗಳಲ್ಲಿ ಸಂತಾನಶಕ್ತಿಯು ಕುಂದಿರುವುದು. ಇದರಿಂದ ಒಕ್ಕಲಿಗನಿಗೆ ಲಾಭವೇನೂ ಇಲ್ಲ.

ಹಳದಿ ಕಾಲಿನಿಂದ ಇನ್ನೊಂದು ಪ್ರಯೋಜನವುಂಟು. ಹೇಂಟೆಯು ತತ್ತಿಯಿಡುತ್ತ ಹೋದಂತೆ ಮೈಯಲ್ಲಿಯ ಹಳದಿ ಬಣ್ಣವು ಅರಿಶಿನಕ್ಕೆ, ಅಂದರೆ ತತ್ತಿಯ ನಡುವಣ ಹಳದಿಗೆ, ಸಾಗಿಹೋಗಿ ಮೊದಲು ಗುದದ್ವಾರವೂ ಆಮೇಲೆ ಕಣ್ಣಿನ ಸುತ್ತಲೂ ಕೊಕ್ಕೂ ಕಡೆಗೆ ಕಾಲೂ ಬಿಳಚುವುವು. ಒಂದೇ ಹಿತ್ತಲಲ್ಲಿ ಒಂದೇ ಆಹಾರ ತಿಂದ ಹಳದಿ ತಳಿಯ ಹೇಂಟೆಗಳಲ್ಲಿ ಕಾಲು ಬಿಳಚಿದುದು ಬಹು ದಿನಗಳಿಂದ ತತ್ತಿಯಿಟ್ಟುದೆಂದೂ, ಕಾಲು ಅಚ್ಚ ಹಳದಿಯಾಗಿಯೇ ಉಳಿದುದು ಸೋಮಾರಿಯೆಂದೂ ತಿಳಿಯಬಹುದು. ಹುಟ್ಟಿನಿಂದಲೇ ಬಿಳಿ ಕಾಲಿನದಕ್ಕೆ ಈ ಪರೀಕ್ಷೆಯು ಸಲ್ಲದು.

ನಡುವಣ ರೂಪಗಳು

ಎಲ್ಲ ಗುಣಗಳೂ ಹೀಗೆ ಒಂದು ಮೇಲೆ ಒಂದು ಕೆಳಗೆ ಎಂದು ನಿಲ್ಲುವುದಿಲ್ಲ. ನಾಟಿ ಕೋಳಿಗಳಲ್ಲಿ ಅಲ್ಲಲ್ಲಿ ಕಾಣುವ ಬೋಳುಗೊರಳಿನ ಕೋಳಿಯನ್ನು ನೋಡತಕ್ಕದ್ದು. ಬೋಳುಗೊರಳಿನ ಪಾಲು ಎರಡಿದ್ದರೆ ಕೊರಳು ಪೂರ್ತಿ ಬೋಳಾಗಿರುವುದು. ಒಂದೇ ಇದ್ದರೆ ಕೊರಳ ಮುಂಭಾಗದ ಕೆಳಗೆ ಗರಿಗಳ ಒಂದು ಕುಚ್ಚು ಉಳಿಯುವುದು. ಕುಚ್ಚಿನ ಹುಂಜವನ್ನು ಸಾಧಾರಣ ಹೇಂಟೆಗೆ ಕೂಡಿಸಿದರೆ ಮರಿಗಳಲ್ಲಿ ಅರ್ಧ ಬೋಳುಗೊರಳಿನವು, ಅರ್ಧ ಸಾಧಾರಣ. ಪೂರ್ತಿ ಬೋಳಾದ ಹುಂಜವನ್ನು ಕೂಡಿಸಿದರೆ ಎಲ್ಲ ಮರಿಗಳೂ ಕುಚ್ಚಿನವೇ. ಮೈಯಲ್ಲಿಯೂ ಗರಿ ಕಡಮೆಯಿರುವುದರಿಂದ ಇವು ಬೇಸಗೆಯ ಸೆಕೆಯನ್ನು ಚೆನ್ನಾಗಿ ತಾಳುವುವು. ಆದರೆ ಅಣಶಿಯಂಥ ಜಡಿಮಳೆಯ ಊರಿನಲ್ಲಿ ಇವುಗಳಿಗೆ ಮಳೆಗಾಲದಲ್ಲಿ ಸೋರದ ಒಣ ಗೂಡು ಅವಶ್ಯ.

ಕುಳ್ಳುಗಾಲಿನ ಕೋಳಿಗಳಲ್ಲಿ ಕ್ರೀಪರ್ ಎಂಬ ಒಂದು ಬಗೆಯುಂಟು. ಈ ಗುಣದ ಎರಡು ಪಾಲುಗಳನ್ನು ಪಡೆದ ಮರಿಯು ತತ್ತಿಯೊಳಗೆ ಮೊದಲ ವಾರದಲ್ಲಿಯೇ ಸಾಯುವುದು. ಇಂಥ ಎರಡು ಕೋಳಿಗಳನ್ನು ಕೂಡಿಸಿ 12 ತತ್ತಿಗಳನ್ನು ಕಾವಿಗಿಟ್ಟರೆ ಸರಾಸರಿ 3 ಹಾಳಾಗಿ, 6 ಕುಳ್ಳು ಮರಿಗಳೂ 3 ಸಾಧಾರಣ ಮರಿಗಳೂ ಆಗುವುವು. ಆಗ ತತ್ತಿ ಕೆಟ್ಟುದಕ್ಕೆ ಹೇಂಟೆಯನ್ನೋ ಗುಡುಗನ್ನೋ ದೂರುವುದರಲ್ಲಿ ಅರ್ಥವಿಲ್ಲ. ಕುಳ್ಳು ಹೇಂಟೆಗೆ ಉದ್ದ ಕಾಲಿನ ಹುಂಜವನ್ನೇ ಬಿಟ್ಟರೆ ಈ ನಷ್ಟವು ತಪ್ಪುವುದು.

ಹುಟ್ಟಿದ ದಿನವೇ ಹುಂಜ ಹೇಂಟೆಗಳನ್ನು ಗುರುತಿಸುವುದು

ಕೋಳಿಗಳಲ್ಲಿ ಮರಿಯು ಗಂಡೋ ಹೆಣ್ಣೋ ಎಂಬುದು ತಾಯಿಯಿಂದ ನಿರ್ಣಯವಾಗುವುದೇ ಹೊರತು ತಂದೆಯಿಂದಲ್ಲ. ಕೆಲವು ಬಣ್ಣಗಳ ವಂಶವಾಹಿಗಳು ಈ ಲಿಂಗನಿರ್ಣಯದ ಎಳೆಯ ಮೇಲೆಯೇ ಇರುವುವು. ಹುಂಜಕ್ಕೆ ಅಂಥ ಪಾಲುಗಳು ಎರಡು, ಹೇಂಟೆಗೆ ಒಂದೇ. ಹೇಂಟೆಯು ಆ ಒಂದನ್ನು ಗಂಡುಮರಿಗಳಿಗೆ ಮಾತ್ರ ಕೊಡುವುದು. ಬಿಳಿ ಕಪ್ಪು ಅಡ್ಡಪಟ್ಟೆಗಳ ಬಾರ್ಡ್ ಪ್ಲಿಮತ್ ರಾಕ್ ಹೇಂಟೆಗಳಿಗೆ ಪಟ್ಟೆಯಿಲ್ಲದ ಕಪ್ಪು ಹುಂಜವನ್ನಾಗಲಿ ರೋಡ್ ಐಲೆಂಡ್ ರೆಡ್ ಎಂಬ ಕೆಂಪು ಹುಂಜವನ್ನಾಗಲಿ ಕೂಡಿಸಿದರೆ, ಕಪ್ಪು ಮರಿಗಳಲ್ಲಿ ನೆತ್ತಿಯ ಮೇಲೆ ಬಿಳಿ ಚುಕ್ಕೆಯುಳ್ಳವು ಗಂಡು, ಚುಕ್ಕೆಯಿಲ್ಲದವು ಹೆಣ್ಣು. ಗಂಡುಮರಿಗಳಿಗೆ ಬೆಳೆದ ಮೇಲೆ ತಾಯಿಯ ಪಟ್ಟೆಯೂ, ಹೆಣ್ಣುಮರಿಗಳಿಗೆ ಪಟ್ಟೆಯಿಲ್ಲದ ಮೈಯೂ ಬರುವುದು. ಇದರಿಂದ ಸಾಕಣೆದಾರನು ತತ್ತಿಗೆಂದು ಹೆಣ್ಣುಗಳನ್ನೂ ಮಾರಾಟಕ್ಕೆಂದು ಗಂಡುಗಳನ್ನೂ ಆರಂಭದಲ್ಲಿಯೇ ಬೇರ್ಪಡಿಸಬಹುದು.

ಈ ಕೂಟವನ್ನು ತಿರುಗಿಸಿ, ಪಟ್ಟೆಯ ಹುಂಜಕ್ಕೆ ಕಪ್ಪು ಹೇಂಟೆಗಳನ್ನು ಕೂಡಿಸಿದರೆ ಎಲ್ಲ ಮರಿಗಳಿಗೂ ಪಟ್ಟೆ ಬಂದು ಗುರುತು ಸಿಗದೆಹೋಗುವುದು. ಬಿಳಿ ಲೆಗ್‌ಹಾರ್ನ್ ಹುಂಜವೂ ಈ ಕೆಲಸಕ್ಕೆ ಬಾರದು. ಅದರ ಬಿಳುಪು ಪ್ರಬಲವಾಗಿದ್ದು ಉಳಿದ ಬಣ್ಣಗಳನ್ನು ಮುಚ್ಚಿಬಿಡುವುದು.

ತತ್ತಿ, ತೂಕ, ಕಾವು

ಜುಟ್ಟು, ಕಾಲು, ಗರಿಗಳ ಬಗೆ ಇವು ಒಂದೆರಡು ವಂಶವಾಹಿಗಳ ಕೆಲಸ. ಒಕ್ಕಲಿಗನಿಗೆ ನಿಜವಾಗಿ ಬೇಕಾದ ಗುಣಗಳು, ಅಂದರೆ ವರ್ಷಕ್ಕೆ ಇಡುವ ತತ್ತಿಗಳ ಸಂಖ್ಯೆ, ಮೈತೂಕ, ರೋಗ ತಾಳುವ ಶಕ್ತಿ ಇವು ಅನೇಕ ವಂಶವಾಹಿಗಳೂ ಆಹಾರ ಆರೈಕೆಗಳೂ ಕೂಡಿ ಆಗುವಂಥವು. ಆದುದರಿಂದ ಕೆಂಪು ಗರಿಯ ಮರಿಯು ಕೆಂಪು ತಂದೆಯ ತತ್ತಿಯ ಗುಣವನ್ನೂ ತಂದಿತೆಂದು ಎಣಿಸುವುದು ತಪ್ಪು. ಗರಿಯ ಬಣ್ಣಕ್ಕೂ ತತ್ತಿಯ ಲೆಕ್ಕಕ್ಕೂ ನಂಟು ಬಹು ದೂರದ್ದು.

ಮೈತೂಕವು ತಂದೆಯಿಂದ ಮರಿಗೆ ಸುಲಭವಾಗಿ ಇಳಿಯುವುದು. ತತ್ತಿಯ ಸಂಖ್ಯೆಯು ಅಷ್ಟು ಸುಲಭವಾಗಿ ಇಳಿಯದು. ಮೇಲಾಗಿ ಅತಿ ತೂಕಕ್ಕೂ ಹೆಚ್ಚು ತತ್ತಿಗೂ ಸಾಮಾನ್ಯವಾಗಿ ಹೊಂದಿಕೆಯಿಲ್ಲ. ಹುಂಜವು ತತ್ತಿಯಿಡದಿದ್ದರೂ ಆ ಗುಣದ ಅರ್ಧ ಪಾಲನ್ನು ಮಗಳಿಗೆ ಕೊಡುವುದು ಅದೇ ಆದುದರಿಂದ, ಬೀಜದ ಹುಂಜವನ್ನು ಆರಿಸುವಾಗ ಅದರ ಮೈಕಟ್ಟಿಗಿಂತ ಅದರ ತಾಯಿಯೂ ಅಕ್ಕತಂಗಿಯರೂ ಎಷ್ಟು ತತ್ತಿಯಿಟ್ಟುವೆಂದು ವಿಚಾರಿಸತಕ್ಕದ್ದು.

ಭಿನ್ನ ತಳಿಗಳು ಕೂಡಿದಾಗ ಮೊದಲ ತಲೆಮಾರಿನಲ್ಲಿ ತೋರುವ ವಿಶೇಷ ಪುಷ್ಟಿಗೆ ಸಂಕರಪುಷ್ಟಿ ಎನ್ನಬಹುದು. ಇದು ಮೊದಲ ಸಂಕರದಲ್ಲಿಯೇ ಅತ್ಯಧಿಕ. ಸಂಕರದ ಹುಂಜವನ್ನೇ ಸಂಕರದ ಹೇಂಟೆಗೆ ಬಿಟ್ಟರೆ ಈ ಪುಷ್ಟಿಯಲ್ಲಿ ಸುಮಾರು ಅರ್ಧವು ಕಳೆದುಹೋಗುವುದು; ಅಡಗಿದ್ದ ದೋಷಗಳೂ ಹೊರಬೀಳುವುವು. ಮೊದಲು ಹೇಳಿದ ನಿರಾಶೆಗೆ ಮುಖ್ಯ ಕಾರಣವು ಇದೇ.

ಕಾವಿನ ವಿಷಯವೂ ಮುಖ್ಯವಾದುದು. ಕಾವಿಗೆ ಕೂತ ಹೇಂಟೆಯು ತತ್ತಿಯಿಡುವುದನ್ನು ನಿಲ್ಲಿಸುವುದರಿಂದ ತತ್ತಿಯ ತಳಿಗಳನ್ನು ಕಟ್ಟಿದವರು ಕಾವಿನ ಗುಣವನ್ನು ಬೇಕೆಂದೇ ತೆಗೆದುಹಾಕಿದ್ದಾರೆ. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದವರು ಹೆಬ್ಬಾಳದಲ್ಲಿ ಬೆಳೆಯಿಸಿ 1989ರಲ್ಲಿ ಬಿಡುಗಡೆಮಾಡಿದ ಗಿರಿರಾಜವು ಹಿತ್ತಲಿಗೆಂದೇ ಕಟ್ಟಿದ ಬಣ್ಣದ ಕೋಳಿ. ನಾಟಿ ಹೇಂಟೆಯು ವರ್ಷಕ್ಕೆ ಸುಮಾರು 50ರಿಂದ 60 ತತ್ತಿಗಳನ್ನಿಟ್ಟರೆ ಇದು ಸುಮಾರು 130ರಿಂದ 150 ಇಡುವುದು. 2005ರಲ್ಲಿ ಹೊರಬಂದ ಸ್ವರ್ಣಧಾರವು ಸುಮಾರು 180ರಿಂದ 190 ಇಡುವುದು. ಗಿರಿರಾಜಕ್ಕಿಂತ ಹಗುರವಾದುದರಿಂದ ಶತ್ರುಗಳಿಂದ ತಪ್ಪಿಸಿಕೊಳ್ಳುವುದರಲ್ಲಿಯೂ ಮೇಲು. ಆದರೆ ಗಿರಿರಾಜದ ಹೇಂಟೆಯು ಕಾವಿಗೆ ಕೂರುವುದಿಲ್ಲ. ಅಲ್ಲದೆ ಈ ತಳಿಗಳು ಹಲವು ತಳಿಗಳ ಕೂಟದಿಂದ ಆದವು. ಅವುಗಳ ಮರಿಗಳಿಂದ ಮನೆಯಲ್ಲಿ ಮಾಡಿಕೊಂಡ ಮರಿಗಳು ಅವುಗಳಂತೆಯೇ ಆಗುವುದೆಂಬ ಭರವಸೆಯಿಲ್ಲ. ಹೊಸ ಮರಿಗಳನ್ನು ಮೂಲಸ್ಥಾನದಿಂದಲೇ ತರಬೇಕು. 21 ದಿನ ಕಾವು ಕೊಟ್ಟು, ಹದ್ದು ಮುಂಗುಸಿ ಕಾಡುಬೆಕ್ಕುಗಳಿಂದ ಮರಿಗಳನ್ನು ಕಾಯುವ ನಾಟಿ ಹೇಂಟೆಯು ಇಲ್ಲವಾದ ಊರು, ಪ್ರತಿ ವರ್ಷವೂ ಮರಿಗಾಗಿ ಪೇಟೆಯ ಬಾಗಿಲು ಕಾಯುವ ಊರಾಗುವುದು.

ಊರಿನಲ್ಲಿ ನಡೆಸತಕ್ಕ ಕ್ರಮ

ಒಬ್ಬನೇ ಒಕ್ಕಲಿಗನು ಒಳ್ಳೆಯ ಹುಂಜವನ್ನು ತಂದರೆ ಸಾಲದು. ನೆರೆಯ ಹುಂಜಗಳು ಬೇಲಿಯನ್ನು ಮಾನ್ಯಮಾಡುವುದಿಲ್ಲ. ಆದುದರಿಂದ ಇದು ಊರಿನ ಮುಖ್ಯಸ್ಥರ ಮುಂದಾಳುತನದಲ್ಲಿ ಕೇರಿಕೇರಿಯಾಗಿ ನಡೆಯಬೇಕಾದ ಕೆಲಸ. ಮನೆಗಳು ದೂರ ದೂರವಿರುವ ಅಣಶಿಯಂಥ ಊರುಗಳಿಗೆ ಈ ವಿಷಯದಲ್ಲಿ ಅನುಕೂಲವೇ ಹೆಚ್ಚು. ಒಂದು ಕೇರಿಯ ಕೋಳಿಗಳು ಇನ್ನೊಂದರ ಕೋಳಿಗಳೊಡನೆ ಸುಲಭವಾಗಿ ಬೆರೆಯವು.

1. ಒಂದು ಕೇರಿಯನ್ನು ಶುದ್ಧ ನಾಟಿ ಕೋಳಿಗೆಂದು ಮೀಸಲಿಡತಕ್ಕದ್ದು. ಅಲ್ಲಿ ಚೆನ್ನಾಗಿ ಕಾವು ಕೂರುವ, ಹೆಚ್ಚು ಮರಿಗಳನ್ನು ಉಳಿಸುವ ಹೇಂಟೆಗಳ ಸಂತಾನವನ್ನೇ ಬೆಳೆಯಿಸಬೇಕು. ಉಳಿದ ಕೇರಿಗಳಿಗೆ ತಾಯಿ ಹೇಂಟೆಗಳು ಇಲ್ಲಿಂದ ಹೋಗಬೇಕು.

2. ಸಂಕರದ ಕೇರಿಯಲ್ಲಿ 8ರಿಂದ 10 ಹೇಂಟೆಗಳಿಗೆ ಒಂದರಂತೆ ಸುಧಾರಿತ ತಳಿಯ ಹುಂಜಗಳನ್ನಿಟ್ಟು, ಉಳಿದ ಹುಂಜಗಳನ್ನು ಒಂದೇ ವಾರದಲ್ಲಿ ಎಲ್ಲ ಮನೆಯವರೂ ಮಾರಿಬಿಡಬೇಕು.

3. ಹಳೆಯ ಹುಂಜವನ್ನು ತೆಗೆದ ಮೇಲೆ ಮೂರು ವಾರಗಳ ವರೆಗೆ ತತ್ತಿಗಳನ್ನು ಕಾವಿಗಿಡಬಾರದು. ಹುಂಜದ ಬೀಜವು ಹೇಂಟೆಯ ಒಡಲಲ್ಲಿ ಎರಡು ಮೂರು ವಾರ ಜೀವಂತವಾಗಿರುವುದರಿಂದ, ಅದಕ್ಕೆ ಮೊದಲಿನ ಮರಿಗಳು ಹಳೆಯ ಹುಂಜದವೇ ಆಗಿರಬಹುದು. ಆ ತತ್ತಿಗಳನ್ನು ಅಡಿಗೆಗೆ ಬಳಸಬಹುದು.

4. ಸಂಕರದ ಹೆಣ್ಣುಗಳನ್ನು ತತ್ತಿಗೆ ಇಟ್ಟುಕೊಂಡು ಸಂಕರದ ಹುಂಜಗಳನ್ನೆಲ್ಲ ಮಾರಬೇಕು. ಅವು ಎಷ್ಟೇ ಚೆಲುವಾಗಿದ್ದರೂ ಬೀಜಕ್ಕೆ ಇಡಕೂಡದು. ಪ್ರತಿ ಬಾರಿಯೂ ಹೊಸ ಸಂಕರವನ್ನು ನಾಟಿ ಹೇಂಟೆ ಮತ್ತು ಸುಧಾರಿತ ಹುಂಜಗಳಿಂದಲೇ ಮಾಡಬೇಕು.

5. ಅಡವಿಯ ಅಂಚಿಗೆ ತೀರ ಸಮೀಪವಿದ್ದು ಬೇಲಿ ಕಾವಲುಗಳಿಲ್ಲದ ಮನೆಯವರು ಸಂಕರದ ಹೆಣ್ಣುಗಳಿಗೆ ನಾಟಿ ಹುಂಜವನ್ನು ಬಿಡುವುದು ಲೇಸು. ಆ ಮರಿಗಳಲ್ಲಿ ಸರಾಸರಿ ಮುಕ್ಕಾಲು ಪಾಲು ನಾಟಿಯ ರಕ್ತವಿದ್ದು, ಚುರುಕುತನವು ಹೆಚ್ಚಾಗಿ ಉಳಿಯುವುದು. ತತ್ತಿ ಸ್ವಲ್ಪ ಕಡಮೆಯಾದರೂ ಹದ್ದಿನ ಪಾಲಾಗುವ ಮರಿಗಳೂ ಕಡಮೆಯಾಗುವುವು.

6. ತಂದೆಗೆ ಮಗಳು ಸೇರದಂತೆ ಬೀಜದ ಹುಂಜವನ್ನು ವರ್ಷಕ್ಕೊಮ್ಮೆ ಬದಲಿಸಬೇಕು. ಹತ್ತಿರದ ರಕ್ತದಲ್ಲಿಯೇ ಕೂಡಿಸುತ್ತ ಹೋದರೆ ತತ್ತಿಗಳು ಮರಿಯಾಗುವುದೂ ಮರಿಗಳು ಉಳಿಯುವುದೂ ಕುಂದುವುದು.

7. ಹೊಸ ಹುಂಜವನ್ನು ಎರಡು ಮೂರು ವಾರ ಬೇರೆಯಾಗಿಯೇ ಇಟ್ಟು ರೋಗವಿಲ್ಲವೆಂದು ಕಂಡಮೇಲೆ ಬಿಡಬೇಕು. ನಮ್ಮ ದೇಶದಲ್ಲಿ ರಾಣಿಖೇತದಲ್ಲಿ ಮೊದಲು ಗುರುತಿಸಲ್ಪಟ್ಟ ಕೊಕ್ಕರೆ ರೋಗವು ನಾಟಿಯನ್ನೂ ಸಂಕರವನ್ನೂ ಬಿಡುವುದಿಲ್ಲ. ಒಳ್ಳೆಯ ತಳಿಯು ಲಸಿಕೆಗೆ ಬದಲಲ್ಲ. ಪಶುವೈದ್ಯಾಧಿಕಾರಿಗಳಿಂದ ಊರಿನ ಎಲ್ಲ ಕೋಳಿಗಳಿಗೂ ಒಂದೇ ದಿನ ಲಸಿಕೆ ಹಾಕಿಸುವುದು ಉತ್ತಮ.

8. ಪ್ರತಿ ಮನೆಯಲ್ಲಿಯೂ ಕೋಳಿಗಳ ಕಾಲಿಗೆ ಬಣ್ಣದ ದಾರವನ್ನೋ ಬಳೆಯನ್ನೋ ಸಡಿಲವಾಗಿ ಕಟ್ಟಿ, ಯಾವ ಹೇಂಟೆಯ ಎಷ್ಟು ತತ್ತಿ ಕಾವಿಗಿಟ್ಟಿತು, ಎಷ್ಟು ಮರಿಯಾಯಿತು, ಎಷ್ಟು ಎರಡು ತಿಂಗಳ ವರೆಗೆ ಉಳಿಯಿತು ಎಂಬುದನ್ನು ಒಂದು ಪುಸ್ತಕದಲ್ಲಿ ಬರೆದಿಡಬೇಕು. ಶಾಲೆಗೆ ಹೋಗುವ ಮಕ್ಕಳೂ ಇದನ್ನು ಮಾಡಬಲ್ಲರು.

ಈ ಎಂಟರಲ್ಲಿ ಹಣದ ಖರ್ಚು ಬೇಡುವುದು ಹುಂಜದ ಬೆಲೆಯೊಂದೇ ಎನ್ನಬಹುದು. ಉಳಿದುವಕ್ಕೆ ಬೇಕಾದುದು ಒಮ್ಮತವೂ ತಾಳ್ಮೆಯೂ. ಎಲ್ಲಕ್ಕಿಂತ ಕಷ್ಟವಾದುದು ನಾಲ್ಕನೆಯದು. ತನ್ನ ಹಿತ್ತಲಲ್ಲಿಯೇ ಬೆಳೆದ ಎತ್ತರದ ಹೊಳೆಯುವ ಹುಂಜವನ್ನು ಮಾರಲು ಯಾರಿಗೂ ಮನಸ್ಸು ಬಾರದು. ಅದರ ಗರಿಯ ಹೊಳಪು ಅದರದೇ ಆಗಿದ್ದರೂ ಅದರ ಮರಿಗಳ ಭಾಗ್ಯವು ಕಾಣದ ಪಾಲುಗಳಲ್ಲಿದೆ. ನಾಟಿ ಹೇಂಟೆಯನ್ನು ಉಳಿಸಿ ಹುಂಜವನ್ನು ಮಾತ್ರ ಬದಲಿಸುವ ಊರಿನಲ್ಲಿ ತತ್ತಿಯೂ ಹೆಚ್ಚುವುದು, ಗೂಡೂ ಬರಿದಾಗದು. ಊರಿನ ಹಿರಿಯರು ಮುಂಬರುವ ಮಳೆಗಾಲಕ್ಕೆ ಮೊದಲೇ ಕೇರಿಯವರನ್ನು ಕೂಡಿಸಿ ಈ ವಿಷಯವನ್ನು ತಿಳಿಯಹೇಳಿ, ನಾಟಿಯ ಕೇರಿ ಯಾವುದು, ಸಂಕರದ ಕೇರಿ ಯಾವುದು ಎಂದು ಗೊತ್ತುಪಡಿಸುವುದು ಯೋಗ್ಯವಾಗಿದೆ.